ಗಂಟು ಹಾಕಿದ ತಂತಿ

ಮುಟ್ಟುತ್ತಿದ್ದ ಅಂದರೆ ಮುಟ್ಟುತ್ತಿದ್ದ. ನೀನು ಹುಬ್ಬು ಏರಿಸಿದ ಮಾತ್ರಕ್ಕೆ ಆಗಿದ್ದು ಆಗದೇ ಹೋಗುತ್ತದೆಯೇ? ಎಡಗೈ ನಡುಬೆರಳಿನ ಹಿಂಬದಿಯ ಗೆಣ್ಣು ಇದೆಯಲ್ಲ, ಅದನ್ನು ಕರೆಂಟಿನ ತಂತಿಗೆ ಒಂದೇ ಒಂದು ಸಲ ಸವರಿ, ಹಾಲು ಕಾದಿದೆಯೋ ಇಲ್ಲವೋ ನೋಡುವವರ ಹಾಗೆ ತಲೆ ಓರೆ ಮಾಡಿ, "ಇದೆ" ಅಥವಾ "ಇಲ್ಲ" ಅನ್ನುತ್ತಿದ್ದ. ಅಷ್ಟೇ. ಟೆಸ್ಟರ್ ಇರಲಿಲ್ಲವೇ ಅಂತ ಕೇಳಬೇಡ. ಇತ್ತು. ಅಂಗಿಯ ಜೇಬಿಗೆ ಪೆನ್ನಿನ ಹಾಗೆ ಸಿಕ್ಕಿಸಿಕೊಂಡೇ ತಿರುಗುತ್ತಿದ್ದ. ಅದರಿಂದ ಬೆನ್ನು ಕೆರೆದುಕೊಳ್ಳುತ್ತಿದ್ದ.

ಸತ್ತುಹೋಗಬೇಕಿತ್ತು ಅಂತೀಯಾ? ಸಾಯಲಿಲ್ಲ, ಏನು ಮಾಡೋಣ ಹೇಳು. ನಿನ್ನನ್ನು ಕೇಳಿ ಬದುಕಲಿಲ್ಲ ಅವನು. ಹಾಗಾದರೆ ಇದನ್ನೂ ಕೇಳಿಬಿಡು. ಒಂದು ಸಲ ಕಂಬದ ತಂತಿ ತಾಗಿ ಅವನ ಮೀಸೆ ಎರಡೂ ಕಡೆ ನೆಟ್ಟಗೆ ನಿಂತುಬಿಟ್ಟಿತು. ಮೂರು ದಿನ ಎಣ್ಣೆ ಹಚ್ಚಿದರೂ ಇಳಿಯಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಎದ್ದರೆ ಎಡಮೀಸೆಯ ಮೇಲೆ ಒಂದು ಗುಬ್ಬಿ, ಬಲಮೀಸೆಯ ಮೇಲೆ ಒಂದು ಗುಬ್ಬಿ, ತಂತಿ ಅಂದುಕೊಂಡು ಕೂತಿವೆ. ಸರಿ, ಗುಬ್ಬಿಗಳನ್ನು ನಾನು ಸೇರಿಸಿದ್ದು, ಒಪ್ಪುತ್ತೇನೆ. ಬೆರಳನ್ನು ಸೇರಿಸಿಲ್ಲ. ಈಗ ಬಾಯಿ ಮುಚ್ಚಿಕೊಂಡು ಕೇಳುವುದಾದರೆ ಹೇಳುತ್ತೇನೆ.

ಎಲ್ಲರೂ ಅವನನ್ನು ಗಂಟುಮೇಸ್ತ್ರಿ ಎಂದು ಕರೆಯುತ್ತಿದ್ದರು. ಹೊಸ ಮನೆಗಳಿಗೆ ವೈರಿಂಗ್ ಮಾಡುವುದು ಅವನ ಕಸುಬು. ಗೋಡೆಯೊಳಗಿನ ಪೈಪಿನಿಂದ ಎರಡೆರಡು ತಂತಿಗಳನ್ನು ಎಳೆದು ಹೊರಗೆ ಬಿಟ್ಟಾಗ, ಅವುಗಳಲ್ಲಿ ಒಂದರ ತುದಿಗೆ ಒಂದು ಸಣ್ಣ ಗಂಟು ಹಾಕುತ್ತಿದ್ದ. ಬೇರೆ ಯಾವ ವೈರ್‌ಮನ್ನೂ ಹಾಗೆ ಮಾಡುತ್ತಿರಲಿಲ್ಲ. ಕೆಲವರು ಅದನ್ನು ಶೋಕಿ ಎಂದರು. ಕೆಲವರು ದೃಷ್ಟಿಯಾಗದಿರಲಿ ಎಂದು ಹಾಕುತ್ತಾನೆ ಎಂದರು. ಅವನು ಎರಡಕ್ಕೂ "ಹೂಂ" ಅನ್ನುತ್ತಿದ್ದ. ನಿಜ ಗೊತ್ತಿದ್ದದ್ದು ಅವನ ಹೆಂಡತಿಗೆ ಮಾತ್ರ.

ನಿಜ ಏನೆಂದರೆ, ಅವನಿಗೆ ಕೆಂಪು ಕಾಣುತ್ತಿರಲಿಲ್ಲ. ಕಣ್ಣು ಹದ್ದಿನಷ್ಟು ಚುರುಕು, ದಾರದಷ್ಟು ತೆಳು ತಂತಿಯ ಸೀಳು ಕೂಡ ಕಾಣಿಸುತ್ತಿತ್ತು. ಆದರೆ ಕೆಂಪು ಬಣ್ಣ ಅವನ ಪಾಲಿಗೆ ಕಪ್ಪಿನ ಅವಳಿ ತಮ್ಮ. ಮದುವೆಯಾದ ಹೊಸತರಲ್ಲಿ ಹೆಂಡತಿ ಕೆಂಪು ಬಟ್ಟೆ ಉಟ್ಟು ಎದುರಿಗೆ ನಿಂತರೆ, "ಈ ಕಪ್ಪು ನಿನಗೆ ಒಪ್ಪುತ್ತೆ ಕಣೇ" ಎಂದಿದ್ದ. ಅವಳು ಮೊದಲು ನಕ್ಕಳು. ಆಮೇಲೆ ನಗು ನಿಲ್ಲಿಸಿ, ಅವನ ಕೆಲಸದ ಚೀಲ ತೆಗೆದು, ಎರಡು ತಂತಿ ತುಂಡು ಅವನ ಮುಂದೆ ಹಿಡಿದಳು.

"ಇದು ಯಾವ ಬಣ್ಣ?"

"ಕಪ್ಪು."

"ಇದು?"

"ಅದೂ... ಅದೂ ಅದೇ."

"ರೀ, ನೀವು ಮನೆಮನೆಗೆ ಹೋಗಿ ಕರೆಂಟ್ ಕೊಡೋರು!"

"ಮೆಲ್ಲಗೆ ಮಾತಾಡೇ," ಎಂದ ಮೇಸ್ತ್ರಿ.

ಮರುದಿನದಿಂದ ಅವಳೂ ಕೆಲಸಕ್ಕೆ ಹೊರಟಳು. ಇವನು ಏಣಿಯ ಮೇಲೆ, ಅವಳು ಕೆಳಗೆ. ಇವನು "ಯಾವುದು?" ಅನ್ನುವುದು, ಅವಳು ರೆಪ್ಪೆ ಬಡಿಯುವುದರೊಳಗೆ "ಕೆಂಪು" ಎನ್ನುವುದು, ಇವನು ಕೂಡಲೇ ಅದಕ್ಕೊಂದು ಗಂಟು ಹಾಕುವುದು. ಬೇರೆ ಮೇಸ್ತ್ರಿಗಳು ಜೋಡಿಸಿದ ತಂತಿಯಾದರೆ ಬೆರಳು ಸವರಿ ನೋಡುತ್ತಿದ್ದ. ಅವಳು ಹೇಳಿದ ತಂತಿಯನ್ನು ಮಾತ್ರ ಒಂದು ದಿನವೂ ಸವರಿ ನೋಡಲಿಲ್ಲ. ಅವಳು ಕೆಂಪು ಎಂದರೆ ಕೆಂಪು. ಅವರಿಬ್ಬರ ಸಂಸಾರದಲ್ಲಿ ಜಗಳ ಎಷ್ಟು ಬೇಕಾದರೂ ಇತ್ತು. ಈ ವಿಷಯದಲ್ಲಿ ಇರಲಿಲ್ಲ.

ಇಷ್ಟು ಕೆಂಪು ಕಪ್ಪು ಯಾಕೆ ಅಂತೀಯಾ? ಕೇಳು, ಒಂದೇ ಉಸಿರಲ್ಲಿ ಹೇಳಿಬಿಡುತ್ತೇನೆ. ಕೆಂಪು ತಂತಿಯಲ್ಲಿ ಕರೆಂಟು ಮನೆಯೊಳಗೆ ಬರುತ್ತದೆ, ಕಪ್ಪಿನಲ್ಲಿ ವಾಪಸು ಹೋಗುತ್ತದೆ. ಸ್ವಿಚ್ಚು ಇರಬೇಕಾದದ್ದು ಬರುವ ದಾರಿಯಲ್ಲಿ. ತಪ್ಪಿ ಹೋಗುವ ದಾರಿಯಲ್ಲಿ ಇಟ್ಟರೂ ದೀಪ ಹತ್ತುತ್ತದೆ, ಆರುತ್ತದೆ, ಯಾರಿಗೂ ಎಳ್ಳಷ್ಟೂ ಅನುಮಾನ ಬರುವುದಿಲ್ಲ. ಆದರೆ ದೀಪ ಆರಿದ ಮೇಲೂ ಬಲ್ಬಿನ ಹೋಲ್ಡರಿನ ತನಕ ಕರೆಂಟು ಬಂದು ಕಾಲು ಮಡಚಿ ಕೂತೇ ಇರುತ್ತದೆ. ಸ್ವಿಚ್ಚು ಆರಿಸಿದ್ದೇನಲ್ಲ ಎಂದು ಧೈರ್ಯವಾಗಿ ಕೈ ಹಾಕಿದವರಿಗೆ ಸಿಗುತ್ತದೆ.

ಈಗ ಆ ದಿನಕ್ಕೆ ಬರೋಣ.

ಬಹಳ ವರ್ಷದ ಹಿಂದೆ, ಮೇಸ್ತ್ರಿ ಒಬ್ಬ ಹೊಲಿಗೆಯವಳ ಮನೆಗೆ ವೈರಿಂಗ್ ಮಾಡುತ್ತಿದ್ದ. ಅವಳನ್ನು ಎಲ್ಲರೂ ಟೈಲರಮ್ಮ ಎನ್ನುತ್ತಿದ್ದರು, ಅವಳ ಗಂಡ ಅಂಚೆ ಹಂಚುವವನು, ಪೋಸ್ಟಣ್ಣ. ಮನೆಗೆ ಸುಣ್ಣ ಆಗಿತ್ತು, ಕಿಟಕಿಗೆ ಬಾಗಿಲು ಆಗಿರಲಿಲ್ಲ, ಕಂಬದಿಂದ ಕರೆಂಟು ಇನ್ನೂ ಬಂದಿರಲಿಲ್ಲ. ಆದರೂ ಟೈಲರಮ್ಮ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು ಇಟ್ಟುಕೊಂಡು ಕೆಲಸ ಶುರು ಮಾಡಿದ್ದಳು. ಸಿಕ್ಕು ಅವಳಿಗೆ ಆಗುತ್ತಿರಲಿಲ್ಲ. ದಾರದಲ್ಲಿ ಗಂಟು ಕಂಡರೆ, ಅದು ತನ್ನದಾಗಲಿ ಇನ್ನೊಬ್ಬರದಾಗಲಿ, ಬಲಗೈ ಹೆಬ್ಬೆರಳಿನ ಉಗುರಿನಿಂದ ಕೆದಕಿ ಬಿಚ್ಚಿಯೇ ಮುಂದಿನ ಮಾತು. ಗಂಡ ತಂದ ಪಾರ್ಸೆಲಿನ ಹಗ್ಗವನ್ನು ಕೂಡ ಕತ್ತರಿ ಮುಟ್ಟಿಸದೆ ಬಿಚ್ಚಿ, ಸುತ್ತಿ, ಡಬ್ಬಿಗೆ ಹಾಕುವವಳು.

ಅಂದು ಮೇಸ್ತ್ರಿ ಒಬ್ಬನೇ ಬಂದಿದ್ದ. ಹೆಂಡತಿಗೆ ಬೆಳಿಗ್ಗೆ ಹೆರಿಗೆ ನೋವು ಶುರುವಾಗಿ, ಅತ್ತಿಗೆ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ಉಳಿದದ್ದು ಒಂದೇ ಕೆಲಸ: ಬಾಗಿಲ ಪಕ್ಕದ ಮೇನ್ ಬೋರ್ಡಿನಲ್ಲಿ, ಮನೆಯೊಳಗಿನಿಂದ ಬಂದ ಎರಡು ತಂತಿಗಳನ್ನು ಮೀಟರಿನ ಎರಡು ತಂತಿಗಳಿಗೆ ಸೇರಿಸುವುದು. ಮೀಟರಿನದು ಯಾವುದು ಯಾವುದೆಂದು ಅದರ ಮೇಲೆ ಅಕ್ಷರದಲ್ಲಿ ಬರೆದಿತ್ತು. ಮನೆಯೊಳಗಿನ ಕೆಂಪಿಗೆ ಹೆಂಡತಿ ಹೇಳಿದ್ದಂತೆ ಹಿಂದಿನ ದಿನವೇ ಗಂಟು ಹಾಕಿಟ್ಟಿದ್ದ. ಮಧ್ಯಾಹ್ನ ಒಂದು ತುತ್ತು ತಿಂದು ಬಂದು ಸೇರಿಸಿದರಾಯಿತು ಎಂದು ಹೋದ.

ಬಂದು ನೋಡಿದರೆ ಗಂಟು ಇರಲಿಲ್ಲ. ಎರಡೂ ತಂತಿ ನೀಟಾಗಿ, ಬಾಚಿದ ಕೂದಲಿನ ಹಾಗೆ ಜೋತುಬಿದ್ದಿದ್ದವು.

ಕಂಬದ ಕರೆಂಟು ಇಲ್ಲದ ಮನೆಯಲ್ಲಿ ಬೆರಳು ಏನು ಹೇಳೀತು? ಯಾರನ್ನಾದರೂ ಕರೆದು, "ಇದರಲ್ಲಿ ಕೆಂಪು ಯಾವುದು?" ಎಂದು ಕೇಳಿದ್ದರೆ ಮುಗಿದಿತ್ತು. ಮುಂದಿನ ಕೋಣೆಯಲ್ಲಿ ಟೈಲರಮ್ಮ ಇದ್ದಳು, ಮಿಷನ್ನು ಕಟಕಟ ಅನ್ನುತ್ತಿತ್ತು. ಆದರೆ ವೈರ್‌ಮನ್ ಆದವನು ಹೊಲಿಗೆಯವಳನ್ನು ಕರೆದು ಬಣ್ಣ ಕೇಳುವುದೆಂದರೆ? ನಾಳೆ ಊರಿಗೆಲ್ಲ ಗೊತ್ತಾದೀತು. ಬಲಗಡೆಯದು ಕೆಂಪು ಇರಬೇಕು ಅನ್ನಿಸಿತು. ಸೇರಿಸಿದ. ನಾಳೆ ಲೈನ್‌ಮನ್ ಬಂದು ಕರೆಂಟು ಕೊಟ್ಟಮೇಲೆ ಒಂದು ಸಲ ಬಂದು ಬೆರಳಿಟ್ಟು ನೋಡಿದರಾಯಿತು ಎಂದುಕೊಂಡು ಆಸ್ಪತ್ರೆಗೆ ಓಡಿದ. ಸಂಜೆ ಹೊತ್ತಿಗೆ ಮಗಳು ಹುಟ್ಟಿದಳು.

ಮರುದಿನ ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಮರೆತುಬಿಟ್ಟ ಎಂದರೆ ಅವನ ಪರವಾಗಿ ನಾನು ಸುಳ್ಳು ಹೇಳಿದಂತಾಗುತ್ತದೆ. ಆ ಬೀದಿಯಲ್ಲಿ ಹೋಗುವಾಗೆಲ್ಲ ಆ ಮನೆಯ ಕಿಟಕಿಯಲ್ಲಿ ದೀಪ ಕಾಣುತ್ತಿತ್ತು. "ಉರೀತಿದೆಯಲ್ಲ, ಸರಿಯಾಗೇ ಇರಬೇಕು" ಎಂದುಕೊಳ್ಳುತ್ತಿದ್ದ. ತಪ್ಪಾಗಿ ಸೇರಿಸಿದ ಮನೆಯಲ್ಲೂ ದೀಪ ಹೀಗೆಯೇ ಉರಿಯುತ್ತದೆ ಎಂದು ಬೇರೆ ಯಾರಿಗಿಂತಲೂ ಅವನಿಗೆ ಚೆನ್ನಾಗಿ ಗೊತ್ತಿತ್ತು. ಆಮೇಲಾಮೇಲೆ ಬೇರೆ ಬೀದಿಯಲ್ಲಿ ಹೋಗತೊಡಗಿದ. ಮಗಳು ಅಂಬೆಗಾಲಿಟ್ಟಳು, ಓದಿದಳು, ಮದುವೆಯಾಗಿ ಹೋದಳು. ಹೆಂಡತಿಗೆ ಅವನು ಈ ಒಂದು ವಿಷಯ ಹೇಳಲಿಲ್ಲ.

ಮೂವತ್ತೊಂದು ವರ್ಷ ಆದಮೇಲೆ ಒಂದು ಬೆಳಿಗ್ಗೆ ಅವನು ಹಾರ್ಡ್‌ವೇರ್ ಅಂಗಡಿಯಲ್ಲಿ ಸ್ಕ್ರೂ ಆರಿಸುತ್ತಿದ್ದ. ಅಂಗಡಿಯವನು ಬಲ್ಬಿನ ಪೆಟ್ಟಿಗೆ ಒರೆಸುತ್ತಾ ಹೇಳಿದ:

"ಗೊತ್ತಾಯ್ತಾ ಮೇಸ್ತ್ರಿ? ನಮ್ಮ ಟೈಲರಮ್ಮನಿಗೆ ಕರೆಂಟ್ ಹೊಡೀತಂತೆ. ಬಲ್ಬ್ ಹಾಕೋಕೆ ಹೋಗಿ. ಇಲ್ಲಿಂದಲೇ ತಗೊಂಡು ಹೋಗಿದ್ದು."

"ಹೇಗಿದಾಳೆ?"

"ಜೀವಕ್ಕೇನಿಲ್ಲ. ಬಲಗೈ ಮೂರು ಬೆರಳು ಸತ್ತೋಗಿವೆಯಂತೆ. ಸೂಜಿ ಚುಚ್ಚಿದ್ರೂ ಗೊತ್ತಾಗಲ್ವಂತೆ. ಸ್ವಿಚ್ ಆಫ್ ಮಾಡೋದು ಮರೆತಿದಾಳೆ, ಇನ್ನೇನು. ವಯಸ್ಸಾಯ್ತಲ್ಲ. ಆದ್ರೆ ಅವಳು ಮಾತ್ರ ಆಫ್ ಮಾಡಿದ್ದೆ, ಆಫ್ ಮಾಡಿದ್ದೆ ಅಂತ ಒಂದೇ ರಾಗ. ಪೋಸ್ಟಣ್ಣ ಹೇಳಿ ಹೇಳಿ ಸುಸ್ತಾಗಿದಾನೆ. ಎಷ್ಟು ಕೊಡಲಿ ಸ್ಕ್ರೂ?"

"ಎರಡು ಡಜನ್," ಎಂದ ಮೇಸ್ತ್ರಿ.

ಅವನು ಸ್ಕ್ರೂ ತೆಗೆದುಕೊಂಡು ಹೋದ. ಒಂದು ಮನೆಗೆ ಫ್ಯಾನು ತೂಗುಹಾಕಿದ. ಫ್ಯಾನು ಸರಿಯಾಗಿ ತಿರುಗಿತು. ಮನೆಗೆ ಬಂದು ಬಡಿಸಿದ್ದನ್ನು ತಿಂದ. ಉಪ್ಪು ಹೆಚ್ಚಾಗಿದೆಯೇ ಎಂದು ಹೆಂಡತಿ ಕೇಳಿದಳು, ಇಲ್ಲ ಎಂದ. ಅಂದು ಅವಳು ಉಪ್ಪನ್ನೇ ಹಾಕಿರಲಿಲ್ಲ. ಎದೆ ಧಸಕ್ಕೆನ್ನುತ್ತದೆ, ಕೈಕಾಲು ನಡುಗುತ್ತವೆ ಎಂದು ನೀನು ಕಾಯುತ್ತಿದ್ದೀಯೆ, ಅವನೂ ಕಾಯುತ್ತಿದ್ದ. ಏನೂ ಆಗಲಿಲ್ಲ. ಕಾಲು ಮಡಚಿ ಬಹಳ ಹೊತ್ತು ಕೂತರೆ ಜೋಮು ಹಿಡಿದು, ಮುಟ್ಟಿದರೆ ಬೇರೆ ಯಾರದೋ ಕಾಲಿನ ಹಾಗೆ ಇರುತ್ತದಲ್ಲ, ಅವನಿಗೆ ಇಡೀ ಮೈ ಹಾಗಿತ್ತು. ಬೇರೆ ಯಾರೋ ಒಬ್ಬ ಮೇಸ್ತ್ರಿ ಅವನ ಅಂಗಿ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದ, ಬರುತ್ತಿದ್ದ.

ಎರಡನೆಯ ದಿನ ಪೋಸ್ಟಣ್ಣ ಹೇಳಿಕಳಿಸಿದ: ಮನೆಯಲ್ಲಿ ದೀಪ ಹಾಕಲು ಇವಳು ಬಿಡುತ್ತಿಲ್ಲ, ಮೇಸ್ತ್ರಿ ಬಂದು ಎಲ್ಲಾ ಸರಿಯಿದೆ ಅಂತ ಒಂದು ಮಾತು ಹೇಳಿಬಿಟ್ಟರೆ ಸಾಕು. ಮೇಸ್ತ್ರಿ "ನಾಳೆ" ಎಂದ. ಮೂರನೆಯ ದಿನವೂ "ನಾಳೆ" ಎಂದ. ಆ ದಿನ ಅವನ ಹೆಂಡತಿ ಕೆಲಸದ ಚೀಲ ತಂದು ಅವನ ಕಾಲ ಬಳಿ ಇಟ್ಟಳು.

"ಏನ್ರೀ ಆಯ್ತು ನಿಮಗೆ? ನಿನ್ನೆ ಎರಡೂ ಕಾಲಿಗೆ ಒಂದೇ ಕಾಲಿನ ಚಪ್ಪಲಿ ಹಾಕ್ಕೊಂಡು ಹೋಗಿದ್ರಿ. ನಾನು ಬೇಕಂತಲೇ ಹೇಳಲಿಲ್ಲ, ಎಷ್ಟು ದೂರ ಹೋಗ್ತೀರ ನೋಡೋಣ ಅಂತ. ವಾಪಸ್ ಬರೋವರೆಗೂ ಗೊತ್ತಾಗಿಲ್ಲ ನಿಮಗೆ."

ಮೇಸ್ತ್ರಿ ಹೇಳಿದ. ಗಂಟು ಹಾಕಿದ್ದು, ಊಟಕ್ಕೆ ಹೋದದ್ದು, ಗಂಟು ಇಲ್ಲದ್ದು, ಬಲಗಡೆಯದು ಅಂದುಕೊಂಡದ್ದು. ಸಾಮಾನಿನ ಪಟ್ಟಿ ಓದುವವನ ಹಾಗೆ ಹೇಳಿದ. ಹೆಂಡತಿ ಚೀಲದ ಪಕ್ಕ ಕೂತಳು.

"ಮಗು ಹುಟ್ಟಿದ ದಿನವಾ?"

"ಹೂಂ."

"ಸರಿಯಾಗೂ ಸೇರಿಸಿರಬಹುದಲ್ಲ. ಎರಡರಲ್ಲಿ ಒಂದು ತಾನೇ?"

"ಎರಡರಲ್ಲಿ ಒಂದು."

"ಏಳಿ," ಎಂದಳು. "ನಾನೂ ಬರ್ತೀನಿ. ನೋಡೋಣ."

ಟೈಲರಮ್ಮನ ಮನೆಯಲ್ಲಿ ಹಗಲು ಹನ್ನೊಂದು ಗಂಟೆಗೂ ಮುಂದಿನ ಕೋಣೆ ಮಬ್ಬಾಗಿತ್ತು. ಹೊಲಿಗೆ ಮಿಷನ್ನಿನ ಮೇಲೆ ಬಟ್ಟೆ ಮುಚ್ಚಿತ್ತು. ಪೋಸ್ಟಣ್ಣ ಬಾಗಿಲಲ್ಲಿ ಮರದ ಸ್ಟೂಲಿನ ಮೇಲೆ ಕೂತು ಪೇಪರು ಓದುತ್ತಿದ್ದ. ನಿವೃತ್ತನಾಗಿ ಎಷ್ಟೋ ವರ್ಷವಾಗಿತ್ತು, ಆದರೂ ಬಂದವರ ಕೈಯನ್ನು ಮೊದಲು ನೋಡುತ್ತಿದ್ದ, ಏನಾದರೂ ಬಟವಾಡೆ ಇದೆಯೇನೋ ಎಂಬಂತೆ.

"ಬನ್ನಿ ಬನ್ನಿ! ಜೋಡಿಯಾಗಿ ಬಂದಿದೀರ, ಒಳ್ಳೇದಾಯ್ತು. ಸ್ವಲ್ಪ ಬುದ್ಧಿ ಹೇಳಿ ಇವಳಿಗೆ."

ಟೈಲರಮ್ಮ ಕುರ್ಚಿಯಲ್ಲಿ ಕೂತಿದ್ದಳು. ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಯಾರೋ ಸ್ವಲ್ಪ ಹೊತ್ತು ನೋಡಿಕೊಳ್ಳಿ ಎಂದು ಕೊಟ್ಟುಹೋದ ವಸ್ತುವಿನ ಹಾಗಿತ್ತು ಅದು.

"ಮೇಸ್ತ್ರಿ, ನಾನು ಆಫ್ ಮಾಡಿದ್ದೆ," ಎಂದಳು, ನಮಸ್ಕಾರ ಗಿಮಸ್ಕಾರ ಏನೂ ಇಲ್ಲದೆ.

"ಶುರು ಮಾಡಿದ್ಲು," ಎಂದ ಪೋಸ್ಟಣ್ಣ. "ಆಫ್ ಮಾಡಿದ್ರೆ ಹೊಡೆಯುತ್ತಾ? ನೀವೇ ಹೇಳಿ. ನೆಲ ಒರೆಸಿ, ಒದ್ದೆ ಕಾಲಲ್ಲಿ ಕಬ್ಬಿಣದ ಸ್ಟೂಲ್ ಹತ್ತಿದಾಳೆ."

"ಮರದ ಸ್ಟೂಲ್ ಮೇಲೆ ನೀವು ಕೂತಿದ್ರಿ. ಏಳಿ ಅಂದ್ರೆ ಈ ಪುಟ ಮುಗಿಸಿ ಏಳ್ತೀನಿ ಅಂದ್ರಿ."

"ಪುಟ ಅಂದ್ರೆ ಎಷ್ಟೊತ್ತು ಹೇಳಿ ಮೇಸ್ತ್ರಿ?"

"ಅದೇ ಪುಟ ಇವತ್ತೂ ಓದ್ತಿದಾರೆ ನೋಡಿ," ಎಂದಳು ಟೈಲರಮ್ಮ. ಆಮೇಲೆ ಮೆಲ್ಲಗೆ, "ಕೈ ಹೋಗಿದ್ದು ಹೋಯ್ತು. ಬರುತ್ತೋ ಇಲ್ವೋ ಡಾಕ್ಟರಿಗೂ ಗೊತ್ತಿಲ್ಲ. ಆದ್ರೆ ನನಗೆ ತಲೆ ಕೆಟ್ಟಿದೆ ಅಂತಾರಲ್ಲ, ಅದು ಆಗಲ್ಲ ನನಗೆ. ಮೂರು ದಿನದಿಂದ ಬಂದೋರೆಲ್ಲ ನಾಲ್ಕು ನಾಲ್ಕು ಎಷ್ಟು ಅಂತ ಕೇಳ್ತಿದಾರೆ. ನಿನ್ನೆ ನನಗೇ ಅನುಮಾನ ಬಂತು, ಆಫ್ ಮಾಡಿದ್ನೋ ಇಲ್ವೋ ಅಂತ."

ಮೇಸ್ತ್ರಿ ಮೇನ್ ಬೋರ್ಡಿನ ಹತ್ತಿರ ಹೋದ. ಮೇನ್ ಆರಿಸಿ, ಮುಚ್ಚಳದ ನಾಲ್ಕು ಸ್ಕ್ರೂ ಬಿಚ್ಚಿ, ಮುಚ್ಚಳ ತೆಗೆದ. ಮೂವತ್ತೊಂದು ವರ್ಷದ ದೂಳು, ಒಂದು ಜೇಡನ ಬಲೆ, ಅದರ ಹಿಂದೆ ತಾನೇ ಹೊಸೆದು ಜೋಡಿಸಿದ ತಂತಿಗಳು. ಯಾವಾಗಲೂ ಕೇಳುವ ಹಾಗೆ ಕೇಳಿದ:

"ನೋಡೇ. ಮೀಟರಿನ ಕೆಂಪಿಗೆ ಮನೆ ಕೆಂಪೇ ಸೇರಿದೆಯಾ?"

ಹೆಂಡತಿ ಕತ್ತು ಚಾಚಿ ನೋಡಿದಳು. ರೆಪ್ಪೆ ಬಡಿಯುವುದರೊಳಗೆ ಉತ್ತರ ಬರಬೇಕಿತ್ತು. ಬರಲಿಲ್ಲ. ಹೊರಗೆ ಯಾರೋ ಸೈಕಲ್ ಬೆಲ್ ಬಾರಿಸಿಕೊಂಡು ಬೀದಿಯ ಈ ತುದಿಯಿಂದ ಆ ತುದಿಗೆ ಹೋದರು. ಪೋಸ್ಟಣ್ಣನ ಪೇಪರು ಸದ್ದು ಮಾಡಿತು.

"ಕೆಂಪಿಗೆ ಕೆಂಪೇ," ಎಂದಳು ಹೆಂಡತಿ. "ಸರಿಯಾಗೇ ಇದೆ ರೀ."

"ನೋಡಿದ್ಯಾ?" ಎಂದ ಪೋಸ್ಟಣ್ಣ ತನ್ನ ಹೆಂಡತಿಯ ಕಡೆ ತಿರುಗಿ. "ನೋಡಿದ್ಯಾ? ನಾನೇನು ಹೇಳ್ದೆ?"

ಟೈಲರಮ್ಮ ಎಡಗೈಯಿಂದ ಬಲಗೈಯನ್ನು ಸ್ವಲ್ಪ ಸರಿಸಿ ಇಟ್ಟುಕೊಂಡಳು. ಅಷ್ಟೇ.

ಮೇಸ್ತ್ರಿ ಮುಚ್ಚಳ ಹಾಕಿ ಹೊರಡಬಹುದಿತ್ತು. ನಲವತ್ತು ವರ್ಷ ಅವಳು ಹೇಳಿದ ಮೇಲೆ ಅವನು ಎರಡನೆಯ ಸಲ ನೋಡಿದ್ದಿಲ್ಲ. ಮುಚ್ಚಳ ಕೈಯಲ್ಲೇ ಇತ್ತು. ಅದನ್ನು ನೆಲದ ಮೇಲೆ ಇಟ್ಟ. ಮೇನ್ ಹಾಕಿದ. ಪೋಸ್ಟಣ್ಣನನ್ನು ಏಳಿಸಿ, ಮರದ ಸ್ಟೂಲು ತೆಗೆದುಕೊಂಡು ಹೋಗಿ ಕೋಣೆಯ ನಡುವೆ ಇಟ್ಟ. ಗೋಡೆಯ ಸ್ವಿಚ್ಚು ಆರಿದೆಯೆಂದು ತಾನೇ ಒತ್ತಿ ನೋಡಿ ಖಚಿತ ಮಾಡಿಕೊಂಡ.

"ರೀ," ಎಂದಳು ಹೆಂಡತಿ. "ಹೇಳಿದ್ನಲ್ಲ."

ಅವನು ಸ್ಟೂಲು ಹತ್ತಿದ. ಬಲ್ಬಿಲ್ಲದ ಹೋಲ್ಡರ್ ತಲೆಯ ಮೇಲೆ ಬಾಯಿ ತೆರೆದುಕೊಂಡು ತೂಗುತ್ತಿತ್ತು. ಒಂದು ಕೈಯಲ್ಲಿ ಅದನ್ನು ಹಿಡಿದು, ಎಡಗೈ ನಡುಬೆರಳಿನ ಗೆಣ್ಣನ್ನು ಒಳಗಿನ ಹಿತ್ತಾಳೆಗೆ ಸವರಿದ.

ಹೊಡೆಯಿತು. ದೊಡ್ಡದಾಗಿ ಏನಲ್ಲ, ಮರದ ಸ್ಟೂಲು ತಡೆಯಿತು. ಕೆಂಜಿಗ ಕಚ್ಚಿದ ಹಾಗೆ ಬೆರಳಿನಿಂದ ಮೊಣಕೈವರೆಗೆ ಓಡಿ ನಿಂತಿತು. ಮೂರು ದಿನದಲ್ಲಿ ಅವನ ಮೈಗೆ ತಾಕಿದ ಮೊದಲ ವಸ್ತು ಅದು. ಅವನು ಬೆರಳನ್ನು ನೋಡಿಕೊಂಡ. ಮತ್ತೆ ಏನೂ ಅನ್ನಿಸಲಿಲ್ಲ.

"ಪೋಸ್ಟಣ್ಣ, ನೀವು ಆಗ ಏನು ಕೇಳಿದ್ರಿ?"

"ನಾನಾ? ನಾನೇನು ಕೇಳಿದೆ?"

"ಆಫ್ ಮಾಡಿದ್ರೆ ಹೊಡೆಯುತ್ತಾ ಅಂತ."

"ಹಾಂ. ಹೊಡೆಯುತ್ತಾ?"

"ಹೊಡೆಯುತ್ತೆ," ಎಂದ ಮೇಸ್ತ್ರಿ. "ಈ ಮನೇಲಿ ಹೊಡೆಯುತ್ತೆ. ಎಲ್ಲಾ ಕೋಣೇಲೂ. ನಾನು ತಂತಿ ತಿರುಗುಮುರುಗು ಸೇರಿಸಿದೀನಿ. ಅವರು ಆಫ್ ಮಾಡೇ ಹತ್ತಿದಾರೆ."

ಮೊದಲು ಬಾಯಿ ಬಿಟ್ಟವನು ಪೋಸ್ಟಣ್ಣನೇ.

"ಅದಕ್ಕೇ! ನಾನು ಬಲ್ಬ್ ಹಾಕುವಾಗೆಲ್ಲ ಕೈ ಜುಮ್ ಅನ್ನೋದು. ನಾನು ಬಿ.ಪಿ. ಅಂತ ಮಾತ್ರೆ ನುಂಗ್ತಿದೀನಲ್ಲಪ್ಪಾ, ಎಂಟು ವರ್ಷದಿಂದ!"

ಯಾರೂ ನಗಲಿಲ್ಲ. ಅವನು ತನ್ನ ಹೆಂಡತಿಯ ಕಡೆ ತಿರುಗಿದ, ಕೈಯಲ್ಲಿದ್ದ ಪೇಪರನ್ನು ನಾಲ್ಕು ಮಡಿಕೆ ಮಾಡಿದ, ಇನ್ನೂ ಒಂದು ಮಡಿಕೆ ಮಾಡಿದ.

"ಆಫ್ ಮಾಡಿದ್ದೆ ನೀನು," ಎಂದ.

"ಮಾಡಿದ್ದೆ," ಎಂದಳು ಟೈಲರಮ್ಮ.

ಆಮೇಲೆ ಅವಳು ಮೇಸ್ತ್ರಿಯನ್ನು ನೋಡಿದಳು. ಬೈಯುತ್ತಾಳೆ ಎಂದು ಅವನು ಕಾದ. ಬೈದಿದ್ದರೆ ಅವನಿಗೂ ಒಂದು ದಾರಿ ಸಿಗುತ್ತಿತ್ತು. ಅವಳು ಕೇಳಿದ್ದು ಇಷ್ಟೇ: "ಇಷ್ಟು ಮನೆ ಮಾಡಿದೀರ. ನಮ್ಮ ಮನೇಲಿ ಯಾಕೆ ಹೀಗಾಯ್ತು?"

ಮೇಸ್ತ್ರಿ ಸ್ಟೂಲಿನಿಂದ ಇಳಿದ. ಮೂವತ್ತೊಂದು ವರ್ಷ ಬಚ್ಚಿಟ್ಟದ್ದನ್ನು ಗಂಡಹೆಂಡಿರ ಎದುರು ಹೇಳಿದ. "ನನಗೆ ಕೆಂಪು ಕಾಣಲ್ಲಮ್ಮ. ಹುಟ್ಟಿದಾಗಿನಿಂದ. ಇವಳು ಹೇಳ್ತಾಳೆ, ನಾನು ಗುರುತಿಗೆ ಗಂಟು ಹಾಕ್ತೀನಿ. ಅವತ್ತು ಇವಳು ಆಸ್ಪತ್ರೇಲಿದ್ಲು. ಊಟ ಮಾಡಿ ಬರೋದ್ರೊಳಗೆ ಗಂಟು ಇರಲಿಲ್ಲ. ನಿಮ್ಮನ್ನ ಕರೆದು ಕೇಳಬೇಕಿತ್ತು. ನಾಚಿಕೆ ಆಯ್ತು, ಕೇಳಲಿಲ್ಲ. ಆಮೇಲಾದ್ರೂ ಬಂದು ನೋಡಬೇಕಿತ್ತು. ಬರಲಿಲ್ಲ."

"ಗಂಟಾ?" ಎಂದಳು ಟೈಲರಮ್ಮ.

"ಹೂಂ."

"ಈ ಬಾಗಿಲ ಪಕ್ಕದ ತಂತೀಲಾ? ಕೆಳಗೆ ಜೋತುಬಿದ್ದಿತ್ತಲ್ಲ?"

ಮೇಸ್ತ್ರಿ ತಲೆಯಾಡಿಸಿದ.

"ನಾನೇ ಬಿಚ್ಚಿದ್ದು," ಎಂದಳು. "ಮಿಷನ್ನಿಗೆ ಎಣ್ಣೆ ಹಾಕೋಕೆ ಎದ್ದೆ. ಕಣ್ಣಿಗೆ ಬಿತ್ತು. ಪಾಪ, ಮೇಸ್ತ್ರಿ ಅವಸರದಲ್ಲಿ ಸಿಕ್ಕು ಮಾಡಿ ಹೋಗಿದಾನೆ, ಮನೇಲಿ ಹೆಂಡತಿಗೆ ನೋವಂತೆ, ನಾವಾದ್ರೂ ಬಿಡಿಸಿಡೋಣ ಅಂತ. ಗಟ್ಟಿ ಇತ್ತು. ಉಗುರು ಮುರೀತು." ಅವಳು ಮಡಿಲಲ್ಲಿದ್ದ ಬಲಗೈಯ ಹೆಬ್ಬೆರಳನ್ನು ಎಡಗೈಯಿಂದ ಎತ್ತಿ ನೋಡಿದಳು, ಆ ಉಗುರು ಇನ್ನೂ ಅಲ್ಲಿದೆಯೇನೋ ಎಂಬಂತೆ. ಬಿಟ್ಟಳು. ಅದು ಮಡಿಲಿಗೆ ಬಿತ್ತು.

"ನಿಮ್ಮ ತಪ್ಪಲ್ಲಮ್ಮ," ಎಂದ ಮೇಸ್ತ್ರಿ. "ಗಂಟು ಯಾಕೆ ಅಂತ ನಾನು ಯಾರಿಗೂ ಹೇಳಿರಲಿಲ್ಲ."

"ತಪ್ಪು ಅಂತ ಯಾರು ಅಂದ್ರು?" ಎಂದಳು ಟೈಲರಮ್ಮ. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. "ಸರಿ ಮಾಡಿ ಈಗ. ಕತ್ತಲೆ ಸಾಕಾಗಿದೆ."

ಸರಿ ಮಾಡಲು ಎಷ್ಟು ಹೊತ್ತು ಬೇಕಾಯಿತು ಗೊತ್ತೇ? ನೀನು ಒಂದು ಲೋಟ ನೀರು ಕುಡಿಯುವಷ್ಟು. ಮೇನ್ ಆರಿಸಿ, ಎರಡು ತಂತಿ ಬಿಚ್ಚಿ, ಅದಲು ಬದಲು ಮಾಡಿ, ಮತ್ತೆ ಬಿಗಿದ. ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. "ಯಾವುದು?" ಎಂದ. "ಕೆಂಪು," ಎಂದಳು, ಈ ಸಲ ರೆಪ್ಪೆ ಬಡಿಯುವುದರೊಳಗೆ. ಮೇನ್ ಹಾಕಿ, ಗೋಡೆಯ ಸ್ವಿಚ್ಚು ಆರಿಸಿ, ಮತ್ತೆ ಸ್ಟೂಲು ಹತ್ತಿ ಬೆರಳು ಸವರಿದ. ಏನೂ ಇರಲಿಲ್ಲ. ಆದರೂ ಉಳಿದ ಮೂರು ಕೋಣೆಗೂ ಹೋಗಿ ಸವರಿದ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬೇಡ ಎನ್ನಲಿಲ್ಲ.

ಕೊನೆಗೆ ಮುಚ್ಚಳ ಹಾಕುವ ಮುಂಚೆ ಟೈಲರಮ್ಮ ಎದ್ದು ಬಂದು ಒಳಗೆ ಇಣುಕಿದಳು.

"ಗಂಟು ಹಾಕಿಲ್ವಲ್ಲ?"

"ಈಗ ಬೇಕಾಗಿಲ್ಲಮ್ಮ. ಎಲ್ಲಾ ಸೇರಿಸಿ ಆಯ್ತು."

"ಹಾಕಿ," ಎಂದಳು. "ನಾನು ಬಿಚ್ಚಲ್ಲ."

ತಂತಿಯನ್ನು ಮತ್ತೆ ಬಿಚ್ಚಿ ಗಂಟು ಹಾಕುವಷ್ಟು ಉದ್ದ ಉಳಿದಿರಲಿಲ್ಲ. ಅವನು ಸುತ್ತಲೂ ನೋಡಿ, ಮಿಷನ್ನಿನ ಮೇಲಿದ್ದ ಉಂಡೆಯಿಂದ ಒಂದು ಗೇಣು ದಾರ ಹರಿದು, ಹೆಂಡತಿ ತೋರಿಸಿದ ತಂತಿಗೆ ಸುತ್ತಿ ಗಂಟು ಹಾಕಿದ. ದಾರ ಯಾವ ಬಣ್ಣದ್ದೆಂದು ಅವನು ಕೇಳಲಿಲ್ಲ. ಯಾರೂ ಹೇಳಲೂ ಇಲ್ಲ.

ವಾಪಸು ಬರುವಾಗ ಅವನು ಚೀಲ ಹೊತ್ತು ಮುಂದೆ, ಅವಳು ಎರಡು ಹೆಜ್ಜೆ ಹಿಂದೆ. ಬೇಕರಿಯ ತಿರುವು ದಾಟಿತು, ಶಾಲೆಯ ಗೋಡೆ ದಾಟಿತು. ಹಾರ್ಡ್‌ವೇರ್ ಅಂಗಡಿಯವನು ಕೈ ಬೀಸಿದ, ಇಬ್ಬರೂ ಬೀಸಲಿಲ್ಲ. ಅಂಗಡಿ ದಾಟಿದ ಮೇಲೆ ಮೇಸ್ತ್ರಿ ಹಿಂದೆ ತಿರುಗದೆ ಕೇಳಿದ:

"ಯಾಕೆ ಸುಳ್ಳು ಹೇಳಿದೆ?"

ಅವಳು ಬೇಗ ಹೆಜ್ಜೆ ಹಾಕಿ ಅವನ ಪಕ್ಕಕ್ಕೆ ಬಂದಳು.

"ನೀವು ಯಾಕೆ ಬೆರಳಿಟ್ರಿ?"

ಉತ್ತರ ಇಬ್ಬರಿಗೂ ಗೊತ್ತಿತ್ತು. ಮನೆ ಬಂತು. ಅವಳು ಬೀಗ ತೆಗೆದಳು. ಅವನು ಚೀಲ ಇಟ್ಟು, ಕೈ ತೊಳೆದ. ಅಂದು ಅಡುಗೆಗೆ ಉಪ್ಪು ಎಷ್ಟಿತ್ತೋ, ಅವಳು ಕೇಳಲಿಲ್ಲ.

ಆಮೇಲೂ ಅವಳು ಅವನ ಜೊತೆ ಕೆಲಸಕ್ಕೆ ಹೋದಳು, ಬಣ್ಣ ಹೇಳಿದಳು. ಅವನು ಕೇಳಿದ, ಗಂಟು ಹಾಕಿದ, ಕರೆಂಟು ಬಂದ ಮೇಲೆ ಪ್ರತಿಯೊಂದು ಹೋಲ್ಡರಿಗೂ ಬೆರಳು ಸವರಿದ. ಆರು ತಿಂಗಳಲ್ಲಿ ಆ ಗೆಣ್ಣು ದಡ್ಡುಗಟ್ಟಿ ಏನೂ ಹೇಳದಂತಾಯಿತು. ಆಗ ಹೆಂಡತಿಯೇ ಒಂದು ದಿನ ಅವನ ಜೇಬಿನಿಂದ ಟೆಸ್ಟರ್ ತೆಗೆದು ಕೈಗೆ ಕೊಟ್ಟಳು. "ಇದನ್ನಾದ್ರೂ ನಂಬಿ," ಎಂದಳು. ಅವನು ತೆಗೆದುಕೊಂಡ. ಅಲ್ಲಿಂದಾಚೆ ಬೆನ್ನು ಕೆರೆಯಲು ಬೇರೆ ಕಡ್ಡಿ ಹುಡುಕಬೇಕಾಯಿತು.

ಪೋಸ್ಟಣ್ಣನ ಕಥೆ ಕೇಳಬೇಡ. ಬಂದವರಿಗೆಲ್ಲ, ಕೂರಿ ಎನ್ನುವುದಕ್ಕೂ ಮುಂಚೆ, "ನಮ್ಮವಳು ಆಫ್ ಮಾಡೇ ಹತ್ತಿದ್ದು ಗೊತ್ತಾ?" ಎನ್ನುತ್ತಿದ್ದ. ಬೀದಿಯಲ್ಲಿ ಹೋಗುವವರನ್ನು ನಿಲ್ಲಿಸಿ ಹೇಳುತ್ತಿದ್ದ. ಮನೆಮನೆಗೆ ಬಟವಾಡೆ ಮಾಡಿದ ಅಂತಲೇ ಇಟ್ಟುಕೋ. ಮರದ ಸ್ಟೂಲಿನ ಮೇಲೆ ಮಾತ್ರ ಆಮೇಲೆ ಅವನು ಕೂತದ್ದನ್ನು ಯಾರೂ ನೋಡಲಿಲ್ಲ, ನಿಂತೇ ಪೇಪರು ಓದುತ್ತಿದ್ದ.

ಅವಳ ಬೆರಳು? ಅದನ್ನೇ ಹೇಳಲು ಬರುತ್ತಿದ್ದೆ. ಎಡಗೈಯಲ್ಲಿ ಹೊಲಿಯುವುದನ್ನು ಕಲಿತಳು, ಓರೆಕೋರೆಯಾಗಿ. ಬಲಗೈಯ ಮೂರು ಬೆರಳಿಗೆ ದಿನಾ ಬೆಳಿಗ್ಗೆ ತಾನೇ ಸೂಜಿ ಚುಚ್ಚಿ ನೋಡಿಕೊಳ್ಳುತ್ತಿದ್ದಳು. ಮೇಸ್ತ್ರಿಯ ಹೆಂಡತಿ ವಾರಕ್ಕೆ ಎರಡು ಸಲ ಹೋಗಿ ಆ ಕೈಯನ್ನು ಬಿಸಿನೀರಿನ ಬಟ್ಟೆಯಿಂದ ತಿಕ್ಕುತ್ತಿದ್ದಳು. ಒಂದು ದಿನ ಹೀಗೇ ಸೂಜಿ ಚುಚ್ಚುವಾಗ ಟೈಲರಮ್ಮ ತಟ್ಟನೆ ನಿಲ್ಲಿಸಿ...

ಹಾಂ? ಬಂದೆ, ಬಂದೆ! ಕೂಗಬೇಡಿ, ಕಿವಿ ಇನ್ನೂ ಕೇಳಿಸುತ್ತೆ ನನಗೆ. ಒಳಗೆ ಊಟ ಬಡಿಸಿ ಆಯ್ತಂತೆ, ಆರಿದರೆ ನನ್ನ ಮೇಲೇ ಕೂಗಾಡುತ್ತಾರೆ. ಏಳು, ನೀನೂ ಬಾ. ಆ ದೀಪ ಆರಿಸು. ಆರಿಸಿದ್ದೀಯಾ? ಸರಿ, ನಂಬಿದೆ.